ಬಣ್ಣದ ಜಗಳ ಮುಗೀತು, ಕಿಟಕಿ ಮಾತಾಡೋಣ

2022ರಲ್ಲಿ ರಾಜ್ಯ ಸರ್ಕಾರ ‘ವಿವೇಕ’ ಯೋಜನೆಯಲ್ಲಿ ಕಟ್ಟಿಸುವ ಶಾಲಾ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಮಾತು ಬಂದಾಗ ಎಷ್ಟು ಗಲಾಟೆ ಆಯಿತು, ನೆನಪಿದೆ ಅಲ್ವಾ? ಪರ ಇದ್ದವರೂ ವಿರೋಧ ಇದ್ದವರೂ ಹೊರಗೋಡೆ ನೋಡಿಯೇ ಕೂಗಾಡಿದರು. ಒಳಗೆ ಕೂತ ಮಗುವಿಗೆ ಅಕ್ಷರ ಸರಿಯಾಗಿ ಕಾಣುತ್ತದಾ ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ.

ನಮ್ಮ ಹಳ್ಳಿ ಕಡೆಯ ಎಷ್ಟೋ ಕೊಠಡಿಗಳು ಹೇಗಿವೆ ನೋಡಿ. ಒಂದು ಬದಿಗೆ ವರಾಂಡ, ಇನ್ನೊಂದು ಬದಿಗೆ ಎರಡು ಕಿಟಕಿ. ಅದಕ್ಕೂ ಗಾಜಿಲ್ಲ, ಕಬ್ಬಿಣದ ತಗಡಿನ ಬಾಗಿಲು. ಮಳೆ ಹೊಡೆಯಿತು ಅಂತ ಮುಚ್ಚಿದರೆ ಹಗಲಲ್ಲೇ ಕತ್ತಲು. ಕರೆಂಟೂ ಅದೇ ಹೊತ್ತಿಗೆ ಹೋಗಿರುತ್ತದೆ. ಕೊಳೆ ಕಾಣಬಾರದು ಅಂತ ಗೋಡೆಯ ಕೆಳಗಿನ ನಾಲ್ಕಡಿಗೆ ಕಂದು ಆಯಿಲ್ ಪೇಂಟ್. ಬಂದ ಚೂರುಪಾರು ಬೆಳಕನ್ನೂ ಅದು ನುಂಗುತ್ತದೆ. ಬೋರ್ಡಿನ ಪಕ್ಕದಲ್ಲೇ ಕಿಟಕಿ ಇದ್ದರಂತೂ ಮುಗೀತು. ಬೋರ್ಡ್ ಮಿರಮಿರ ಮಿಂಚಿ, ಎದುರು ಮೂಲೆಯ ಮಕ್ಕಳು ಅರ್ಧ ಲೆಕ್ಕವನ್ನು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳಬೇಕು.

‘ಕಿಟಕಿ ದೊಡ್ಡದು ಮಾಡಿ’ ಅಂತ ಸುಮ್ನೆ ಹೇಳಿದರೆ ಸಾಲದು. ಅಗಲಕ್ಕಿಂತ ಎತ್ತರ ಮುಖ್ಯ. ಕಟ್ಟಡದವರ ಅಂದಾಜು ಲೆಕ್ಕ ಒಂದಿದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ, ಅದರ ಎರಡರಿಂದ ಎರಡೂವರೆ ಪಟ್ಟು ದೂರ ಮಾತ್ರ ಒಳಗೆ ಒಳ್ಳೆ ಬೆಳಕು ಸಿಗುತ್ತದೆ. ಲಿಂಟಲ್, ಅಂದರೆ ಕಿಟಕಿ ಮೇಲಿನ ಅಡ್ಡ ತೊಲೆ, 7 ಅಡಿಗೆ ಬಂದರೆ 14ರಿಂದ 17 ಅಡಿ. ಕೋಣೆ 20 ಅಡಿ ಅಗಲ ಇದ್ದರೆ ಆಚೆ ಸಾಲಿಗೆ ಮಬ್ಬೇ ಗತಿ. ಅದೇ ಲಿಂಟಲ್ ಮೇಲೆ ಗಾಜಿನ ವೆಂಟಿಲೇಟರ್ ಸಾಲು ಇಟ್ಟು 9 ಅಡಿಗೆ ಏರಿಸಿ, ಬೆಳಕು 18ರಿಂದ 22 ಅಡಿ ಮುಟ್ಟುತ್ತದೆ. ಕೆಳಗಿನ ತಗಡು ಮುಚ್ಚಿದರೂ ತರಗತಿ ನಡೆಯುತ್ತದೆ. ಸೀಲಿಂಗಿಗೆ, ಗೋಡೆಯ ಮೇಲ್ಭಾಗಕ್ಕೆ ಬಿಳಿ ಬಳಿದರೆ ಇನ್ನೂ ಜಾಸ್ತಿ. ಮಲೆನಾಡಿನ ಹಳೇ ಶಾಲೆಗಳಲ್ಲಿ ಮಂಗಳೂರು ಹೆಂಚಿನ ನಡುವೆ ಒಂದೆರಡು ಗಾಜಿನ ಹೆಂಚು ಇಡುತ್ತಿದ್ದರು. ಆರ್‌ಸಿಸಿ ತಾರಸಿ ಬಂತು, ಆ ಬುದ್ಧಿ ಹೋಯಿತು!

ದಿಕ್ಕನ್ನೂ ನೋಡಬೇಕು. ಉತ್ತರದ ಬೆಳಕು ಹಿತ. ದಕ್ಷಿಣದ ಬಿಸಿಲನ್ನು ಕಿಟಕಿ ಮೇಲೆ ಹೊರಚಾಚಿದ ಸಜ್ಜಾ ತಡೆಯುತ್ತದೆ. ಪಶ್ಚಿಮದ್ದು ಸಂಜೆ ಓರೆಯಾಗಿ ನುಗ್ಗುತ್ತದೆ, ಸಜ್ಜಾಕ್ಕೂ ಬಗ್ಗುವುದಿಲ್ಲ. ಆಮೇಲೆ ಟೀಚರ್ ಕಿಟಕಿಗೆ ರಟ್ಟು ಕಟ್ಟಿಸಿ ಟ್ಯೂಬ್‌ಲೈಟ್ ಹಾಕಿಸುತ್ತಾರೆ. ಅವರದೇನೂ ತಪ್ಪಿಲ್ಲ.

ನಿಮ್ಮೂರಲ್ಲಿ ಹೊಸ ಕೊಠಡಿ ಏಳುತ್ತಿದ್ದರೆ, ಎಸ್‌ಡಿಎಂಸಿಯವರೇ (ಶಾಲಾಭಿವೃದ್ಧಿ ಸಮಿತಿಯವರೇ), ಗುದ್ದಲಿ ಪೂಜೆಯ ಫೋಟೋಗೆ ನಿಲ್ಲುವ ಮೊದಲು ಎಂಜಿನಿಯರ್ ಹತ್ತಿರ ನಕ್ಷೆ ಇಸ್ಕೊಂಡು ನೋಡಿ. ಲಿಂಟಲ್ ಮೇಲೆ ವೆಂಟಿಲೇಟರ್ ಇದೆಯಾ, ಬೋರ್ಡ್ ಯಾವ ಗೋಡೆಗೆ, ಇಷ್ಟು ಕೇಳಿ. ತಾರಸಿ ಹಾಕಿದ ಮೇಲೆ ಕೇಳಿದರೆ ಕಂಟ್ರಾಕ್ಟರು ‘ಎಸ್ಟಿಮೇಟ್‌ನಲ್ಲಿ ಇರಲಿಲ್ಲ ಸಾರ್’ ಅಂತಾನೆ.