ಸತ್ಯಾಂಶ: ‘ಜಾಸ್ತಿ ಟೈಲ್ಸ್ ಅಂಗಡಿಯವರ ಆಟ’ ಅನ್ನೋದು ನಿಜವೇ?

‘ಕೋಣೆಯ ಚದರಡಿಯನ್ನು ಟೈಲ್ಸ್‌ನ ಚದರಡಿಯಿಂದ ಭಾಗಿಸಿ, ಬಂದಷ್ಟೇ ಕೊಳ್ಳಿ, ಮೇಲೆ ಕೇಳುವುದೆಲ್ಲ ಅಂಗಡಿಯವರ ಆಟ.’ ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಈ ಮಾತು ಅರ್ಧ ಲೆಕ್ಕ ಅಷ್ಟೇ.

10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಅಂದುಕೊಳ್ಳಿ. ಎರಡಡಿ ಟೈಲ್ಸ್ 30 ಸಾಕು ಅನ್ನಿಸುತ್ತದೆ. ಆದರೆ ಅಂಗಡಿಯ ‘ಎರಡಡಿ’ ಅಂದರೆ 600 ಮಿ.ಮೀ., ಎರಡಡಿಗೆ ಸುಮಾರು 10 ಮಿ.ಮೀ. ಕಡಿಮೆ. ಅಗಲಕ್ಕೆ ಐದು ಕೂರಿಸಿದರೆ 3000 ಮಿ.ಮೀ.; ಗೋಡೆಯಿಂದ ಗೋಡೆಗೆ ಇರುವುದು 3048. ನಡುವಿನ ಸಂದು ಕಳೆದರೂ ಅಂಚಿಗೆ ಸಣ್ಣ ಪಟ್ಟಿ ಉಳಿಯುತ್ತದೆ. ಉದ್ದದಲ್ಲೂ ಇದೇ ಕಥೆ. ಅದಕ್ಕೆ ಗೌಂಡಿ ಬೇರೆ ಟೈಲ್ಸ್ ಕತ್ತರಿಸಲೇಬೇಕು, ಅಲ್ವಾ?

ಗೋಡೆ ಬುಡದ ನಾಲ್ಕಿಂಚಿನ ಸ್ಕರ್ಟಿಂಗ್ ಅಂತೂ ಲೆಕ್ಕದಲ್ಲೇ ಇಲ್ಲ. ಬಾಗಿಲು ಬಿಟ್ಟು ಸುಮಾರು 41 ಅಡಿ. ಒಂದು ಟೈಲ್ಸ್‌ಗೆ ಐದು ಪಟ್ಟಿ ಬಂದರೂ ಇದಕ್ಕೇ ಐದು ಟೈಲ್ಸ್ ಬೇಕು.

ನೇರ ಜೋಡಣೆಗೆ ನೂರಕ್ಕೆ 10, ಓರೆ ಜೋಡಣೆಗೆ 15 ಜಾಸ್ತಿ ತರುವುದು ವಾಡಿಕೆ. ಮೂಲೆ ಸೊಟ್ಟಗಿರುವ ಹಳೆಯ ಕಲ್ಲುಮನೆಗೆ ನಾನಾದರೆ 15ನ್ನೇ ಹಿಡಿಯುತ್ತೇನೆ. 25 ಅಂದರೆ ಮಾತ್ರ ಯಾಕೆ ಅಂತ ಕೇಳಿ.

ಕಡಿಮೆ ಬಿದ್ದರೆ ಆಮೇಲೆ ತಂದರಾಯ್ತು ಅನ್ನಬೇಡಿ. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಒಡೆಯದ ಬಾಕ್ಸ್ ವಾಪಸ್ ತಗೋತೀರಾ ಅಂತ ಬಿಲ್‌ಗೆ ಮುಂಚೆಯೇ ಕೇಳಿಬಿಡಿ.