ಚಿಕೋರಿ ಎಷ್ಟು ಹಾಕ್ಲಿ ಸಾರ್?

ಮೆಲ್ಬರ್ನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಲ್ಲಿ ಅಂಟಿದ ಚಟ ಒಂದಿದೆ. ಯಾವ ಊರಿಗೇ ಹೋಗಲಿ, ಮೊದಲ ದಿನ ಬೆಳಿಗ್ಗೆ ಎದ್ದ ಕೂಡಲೇ ಫೋನ್ ತೆಗೆದು ಹತ್ತಿರದ ಕಾಫಿ ಅಂಗಡಿ ಹುಡುಕುತ್ತೇನೆ. ಚೈನ್ ಅಂಗಡಿ ಆಗಬಾರದು. ಮಾಲೀಕನೇ ಮಷೀನಿನ ಹಿಂದೆ ನಿಂತಿರಬೇಕು. ಒಮ್ಮೆ ಹೋಬಾರ್ಟಿನಲ್ಲಿ ಮಳೆಯಲ್ಲಿ ಎರಡು ಕಿಲೋಮೀಟರ್ ನಡೆದು, ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದವನು ನಾನು.

ಕಳೆದ ಸಲ ಜನವರಿಯಲ್ಲಿ ಬಳ್ಳಾರಿಗೆ ಬಂದಾಗಲೂ ಕೈ ತಾನಾಗೇ ಫೋನಿಗೆ ಹೋಯಿತು. ಹುಟ್ಟಿ ಬೆಳೆದ ಊರು, ಗಾಂಧಿನಗರದ ಅಕ್ಕನ ಮನೆ. ಅಕ್ಕ ನನ್ನನ್ನೇ ನೋಡುತ್ತಾ ಅಂದಳು, "ಕಾಫಿ ಬೇಕಂದ್ರ ಕೇಳು, ಮಾಡ್ಕೊಡ್ತೀನಿ. ಅದನ್ನೇನ್ ಫೋನಿನಾಗ ಹುಡುಕ್ತಿ?"

ಫೋನು ನಾಲ್ಕೈದು ಹೊಸ ಕೆಫೆಗಳನ್ನು ತೋರಿಸಿತು. ಎಲ್ಲ ಫೋಟೋದಲ್ಲೂ ತೂಗುಬಿಟ್ಟ ಹಳದಿ ಬಲ್ಬು, ಇಟ್ಟಿಗೆ ಗೋಡೆಯಂತೆ ಕಾಣುವ ಕಾಗದ. ಚಿಕ್ಕವನಿದ್ದಾಗ ಅಪ್ಪ ಕೈಹಿಡಿದು ಕರೆದೊಯ್ಯುತ್ತಿದ್ದ ಹೋಟೆಲ್ ಆ ಪಟ್ಟಿಯಲ್ಲಿ ಇರಲಿಲ್ಲ. ಕೋಟೆ ಗುಡ್ಡ ಕಾಣುವ ರಸ್ತೆಯಲ್ಲಿ ಅದು ಈಗಲೂ ಇದೆ, ಬೆಳಿಗ್ಗೆ ಐದೂವರೆಗೇ ಬಾಗಿಲು ತೆಗೆಯುತ್ತದೆ. ಆದರೆ ಬೋರ್ಡಿನ ಮೇಲೆ 'ಹೋಟೆಲ್' ಅಂತಿದೆ. ಹಾಗಾಗಿ ಫೋನಿನ ಲೆಕ್ಕದಲ್ಲಿ ಅದು ಕಾಫಿ ಅಂಗಡಿ ಅಲ್ಲ. (ಹೋಟೆಲ್ ಅಂದರೆ ಮಲಗುವ ಜಾಗ ಅಲ್ಲ, ತಿನ್ನುವ ಜಾಗ ಅಂತ ಮೆಲ್ಬರ್ನ್‌ನ ಗೆಳೆಯರಿಗೆ ವಿವರಿಸುವುದು ಅಷ್ಟು ಕಷ್ಟ ಆಗಲಿಲ್ಲ. ಅವರ ಕಡೆ ಹೋಟೆಲ್ ಅಂದರೆ ಎಷ್ಟೋ ಸಲ ಬಾರು.)

ಎರಡು ವಾರ ಇದ್ದೆ. ಹೊಸ ಕೆಫೆಗಳಿಗೂ ಹೋದೆ, ಹಳೇ ಹೋಟೆಲುಗಳಿಗೂ ಹೋದೆ, ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲೂ ಕುಡಿದೆ.

ಮೊದಲು ಹೋಟೆಲ್. ಅಲ್ಲಿ ಡಿಕಾಕ್ಷನ್ ಬೆಳಗಿನ ಜಾವವೇ ಇಳಿಯಲು ಶುರುವಾಗಿರುತ್ತದೆ. ಪುಡಿಯ ಮೇಲೆ ಬಿಸಿನೀರು ಹುಯ್ದು ಬಿಟ್ಟರೆ ಅದು ತನ್ನ ಪಾಡಿಗೆ ಹನಿ ಹನಿ ಇಳಿಯಬೇಕು. ಅವಸರ ಮಾಡಿದರೆ ನೀರು ನೀರು. ಆದರೆ ಕುಡಿಯುವವರು? ನಿಂತೇ ಕುಡಿಯುತ್ತಾರೆ. ಎರಡು ನಿಮಿಷ. ಲೋಟ ಇಟ್ಟು ಹೊರಡುತ್ತಾರೆ. ಮೆಲ್ಬರ್ನ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಎಸ್ಪ್ರೆಸೊ ಮಷೀನು ಒಂಬತ್ತು ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಕಾಫಿ ಇಳಿಸಿಬಿಡುತ್ತದೆ. ಅದನ್ನು ಮುಂದಿಟ್ಟುಕೊಂಡು ಜನ ಒಂದೂವರೆ ತಾಸು ಕೂರುತ್ತಾರೆ. 'ನಿಧಾನದ ಬದುಕು' ಅಂತ ಫೋಟೋ ಹಾಕುತ್ತಾರೆ. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನ್ನ ಹೋಟೆಲಿನ ಯಜಮಾನರು ಗಲ್ಲಾದಲ್ಲೇ ಕೂತಿರುತ್ತಾರೆ. ಅವರ ತಂದೆಯನ್ನು ನಾನು ಅದೇ ಕುರ್ಚಿಯಲ್ಲಿ ನೋಡಿದ್ದೆ. ಪುಡಿ ಯಾವುದು, ಹಾಲು ಯಾರ ಮನೆಯದು, ಬೆಲೆ ಯಾವಾಗ ಒಂದು ರೂಪಾಯಿ ಏರಿಸಬೇಕು, ಎಲ್ಲಾ ಅವರದೇ ತೀರ್ಮಾನ. ಹೀಗೆ ಒಬ್ಬ ಯಜಮಾನನ ಅಂಗಡಿ ಹುಡುಕಿಕೊಂಡೇ ನಾನು ಪರದೇಶದ ಗಲ್ಲಿಗಳಲ್ಲಿ ಅಲೆದಿದ್ದು. ಬಳ್ಳಾರಿಯಲ್ಲಿ ಅಂಥವು ಓಣಿಗೊಂದು ಇವೆ. ಅದಕ್ಕೊಂದು ಬೇರೆ ಹೆಸರು ಬೇಕು ಅಂತ ಇಲ್ಲಿ ಯಾರಿಗೂ ಅನಿಸಿಲ್ಲ.

ಸಂಜೆಯ ಹೊತ್ತಿನ ಬಗ್ಗೆಯೂ ಹೇಳಬೇಕು. ಮೆಲ್ಬರ್ನ್‌ನ ಕೆಫೆಗಳು ಮೂರು, ನಾಲ್ಕಕ್ಕೆಲ್ಲ ಬಾಗಿಲು ಹಾಕುತ್ತವೆ. ಹೊಸದರಲ್ಲಿ ನನಗೆ ಇದು ಅರ್ಥವೇ ಆಗಿರಲಿಲ್ಲ. ಸಂಜೆ ಕಾಫಿ ಇಲ್ಲದ ಊರನ್ನು ಕಾಫಿ ಊರು ಅಂತ ಹೇಗೆ ಕರೆಯುತ್ತಾರೋ! ಬಳ್ಳಾರಿಯಲ್ಲಿ ಐದು ಗಂಟೆಗೇ ಅಸಲಿ ಆಟ ಶುರು. ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಪುಡಿ ಬಿದ್ದ ವಾಸನೆ ರಸ್ತೆಗೇ ಬರುತ್ತದೆ. ಬಜ್ಜಿ ಕಚ್ಚಿ, ಬಾಯಿ ಉರಿಯುತ್ತಿರುವಾಗಲೇ ಬಿಸಿ ಕಾಫಿ ಹೀರುವುದು. ಇದು ಶಿಕ್ಷೆಯೋ ಸುಖವೋ ಅಂತ ಹೊರಗಿನವರು ಕೇಳಬಹುದು. ಬಳ್ಳಾರಿಯವರು ಕೇಳುವುದಿಲ್ಲ.

ಈಗ ಹೊಸ ಕೆಫೆ. ಅಕ್ಕನ ಮಗಳು ಬಿ.ಕಾಂ. ಓದುತ್ತಾಳೆ. ಅವಳೇ ಕರೆದುಕೊಂಡು ಹೋದಳು. ನಾನು ದಾರಿಯುದ್ದಕ್ಕೂ ಹಳೇ ಹೋಟೆಲನ್ನು ಹೊಗಳುತ್ತಾ, ಕೆಫೆಯ ಬಲ್ಬುಗಳನ್ನು ಗೇಲಿ ಮಾಡುತ್ತಾ ಬಂದೆ. ಒಳಗೆ ಕೂತ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಮಾಮಾ, ನಿಮ್ಮ ಹೋಟೆಲ್‌ನಾಗ ನಾವು ಮೂರು ಜನ ಹುಡುಗೀರು ಅರ್ಧ ತಾಸು ಕುಂತ್ರ ಮಂದಿ ಹೆಂಗ ನೋಡ್ತಾರ, ನಿಮಗ ಗೊತ್ತೈತೇನು?"

ಗೊತ್ತಿರಲಿಲ್ಲ. ಯೋಚಿಸಿದ್ದೂ ಇಲ್ಲ. ನನ್ನ ನೆನಪಿನ ಹೋಟೆಲಿನಲ್ಲಿ ಅಮ್ಮ ಕೂತಿದ್ದು 'ಫ್ಯಾಮಿಲಿ ರೂಮ್' ಎಂಬ ಗೂಡಿನೊಳಗೆ, ಪರದೆಯ ಹಿಂದೆ. ಅಪ್ಪ ಜೊತೆಗಿದ್ದಾಗ ಮಾತ್ರ. ಈ ಕೆಫೆಯಲ್ಲಿ ಸುತ್ತ ನೋಡಿದೆ. ಹುಡುಗಿಯರೇ ಜಾಸ್ತಿ. ಪುಸ್ತಕ ತೆರೆದಿತ್ತು, ನಗು ಜೋರಾಗಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ. 160 ರೂಪಾಯಿ ಕಾಫಿಗಲ್ಲ, ಕುರ್ಚಿಗೆ. ಆ ಕುರ್ಚಿ ಈ ಊರಿನಲ್ಲಿ ಮೊದಲು ಇರಲೇ ಇಲ್ಲ. ಬಲ್ಬಿನ ಗೇಲಿಯನ್ನು ಅಲ್ಲಿಗೆ ನಿಲ್ಲಿಸಿದೆ.

ಆದರೆ ತಕರಾರು ಒಂದು ಉಳಿಯಿತು. ಮೆನು ನೋಡಿದೆ. ಕ್ಯಾಪುಚಿನೊ, ಲಾಟೆ, ಕೋಲ್ಡ್ ಕಾಫಿಯಲ್ಲೇ ಆರು ಬಗೆ, ಪೆರಿ ಪೆರಿ ಫ್ರೈಸ್. ಫಿಲ್ಟರ್ ಕಾಫಿ ಇಲ್ಲ. ಹುಡುಗನನ್ನು ಕೇಳಿದೆ. "ಅದು ಇಲ್ಲಿ ಇಲ್ಲ ಸಾರ್. ಅದು ಹೋಟೆಲ್‌ನಾಗ ಸಿಗ್ತದ" ಅಂದ. ಪಾಪ, ಅವನು ಮರ್ಯಾದೆಯಿಂದಲೇ ಹೇಳಿದ. ಆದರೆ ಆ 'ಅದು' ಅನ್ನುವ ಮಾತಲ್ಲಿ ಫಿಲ್ಟರ್ ಕಾಫಿ ಒಂದು ಮೆಟ್ಟಿಲು ಕೆಳಗೆ ಇಳಿದಿತ್ತು. ಬಂದ ಕ್ಯಾಪುಚಿನೊ ಸಪ್ಪೆಯಾಗಿತ್ತು. ಅಂಗಡಿ ಸ್ವಂತದ್ದು, ರುಚಿ ಮಾತ್ರ ಬಾಡಿಗೆಯದು.

ಮೆಲ್ಬರ್ನ್ ಕಾಫಿಗೆ ಹೆಸರಾಗಿದ್ದು ಹೀಗಲ್ಲ. ಆಸ್ಟ್ರೇಲಿಯಾ ಇಂಗ್ಲಿಷರ ಟೀ ಕುಡಿಯುವ ದೇಶವಾಗಿತ್ತು. ಎರಡನೇ ಮಹಾಯುದ್ಧದ ನಂತರ ಇಟಲಿಯವರು, ಗ್ರೀಕರು ಸಾವಿರಗಟ್ಟಲೆ ಬಂದರು. ತಮ್ಮೂರಲ್ಲಿ ಏನು ಕುಡಿಯುತ್ತಿದ್ದರೋ ಅದನ್ನೇ ಅಂಗಡಿಯಲ್ಲಿ ಇಟ್ಟರು. ಬರ್ಕ್ ಸ್ಟ್ರೀಟಿನ ಪೆಲೆಗ್ರಿನೀಸ್ ಎಂಬ ಕಾಫಿ ಅಂಗಡಿ 1954ರಲ್ಲಿ ಶುರುವಾದದ್ದು. ಇವತ್ತಿಗೂ ಅದೇ ಉದ್ದನೆಯ ಕಟ್ಟೆ, ಅದೇ ಎತ್ತರದ ಸ್ಟೂಲು. ಸ್ಟಾರ್‌ಬಕ್ಸ್ 2000ದಲ್ಲಿ ಆಸ್ಟ್ರೇಲಿಯಾಕ್ಕೆ ಬಂದು ಬೇಗ ಬೇಗ ಹರಡಿತು. 2008ರಲ್ಲಿ ಇದ್ದ 84 ಅಂಗಡಿಗಳಲ್ಲಿ 61ನ್ನು ಒಟ್ಟಿಗೇ ಮುಚ್ಚಿತು. ಜನಕ್ಕೆ ಆಗಲೇ ಓಣಿಯ ಅಂಗಡಿಯ ರುಚಿ ಹತ್ತಿತ್ತು. ಅಲ್ಲಿಗೆ ವಲಸೆ ಬಂದವರು ಮನೆಯ ಕಾಫಿಯ ಬಗ್ಗೆ ನಾಚಲಿಲ್ಲ. ನಾವು ಮನೆಯಲ್ಲೇ ಇದ್ದು ನಾಚುತ್ತಿದ್ದೇವೆ. ಬಳ್ಳಾರಿಯ ಒಂದು ಕೆಫೆಯಾದರೂ ಆ ಒಳ್ಳೆಯ ಕುರ್ಚಿಯ ಮುಂದೆ ಸ್ಟೀಲ್ ಲೋಟದ ಫಿಲ್ಟರ್ ಕಾಫಿ, ಪಕ್ಕದಲ್ಲಿ ಒಗ್ಗರಣೆ ತಂದಿಡಲಿ ನೋಡೋಣ. ಹುಡುಗಿಯರು ಎದ್ದು ಹೋಗುತ್ತಾರಾ? ನನಗೇನೋ ಹಾಗನಿಸುವುದಿಲ್ಲ.

ನಡುವೆ ಒಂದು ದಿನ ರಾಯಚೂರಿಗೆ ಹೋಗಿದ್ದೆ. ಸಿರುಗುಪ್ಪ ಕಳೆದು ಬಸ್ಸು ತುಂಗಭದ್ರೆ ದಾಟುತ್ತದೆ. ಈ ಹೊಳೆ ಒಂದು ಕಾಲಕ್ಕೆ ಗಡಿ. ಈಚೆ ಬಳ್ಳಾರಿ, ಮದ್ರಾಸ್ ಪ್ರಾಂತ್ಯ. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ಆಚೆ ರಾಯಚೂರು, ಕೊಪ್ಪಳ, ನಿಜಾಮರ ಸೀಮೆ. ಅವು ಬಂದದ್ದು 1956ರಲ್ಲಿ. ನನ್ನ ಲೆಕ್ಕದಲ್ಲಿ ಈ ಗಡಿ ಲೋಟದಲ್ಲಿ ಇನ್ನೂ ಉಳಿದಿದೆ. ಹೊಳೆ ದಾಟಿ ಸಿಂಧನೂರಿನಲ್ಲಿ ಇಳಿದು ಕಾಫಿ ಕೇಳಿದರೆ ಪ್ಯಾಕೆಟ್ ಹರಿದು ಹಾಲಿಗೆ ಕದಡಿ ಕೊಟ್ಟರು. ಅವರ ತಪ್ಪಲ್ಲ, ಕೇಳಿದ ನಾನು ದಡ್ಡ. ರಾಯಚೂರಿನಲ್ಲಿ ಬುದ್ಧಿ ಬಂದು ಚಹಾ ಕೇಳಿದೆ. ಹೈದರಾಬಾದಿನ ಕಡೆಯ ಚಹಾ. ಸೊಪ್ಪಿನ ಡಿಕಾಕ್ಷನ್ ಮುಚ್ಚಿದ ಪಾತ್ರೆಯಲ್ಲಿ ಬೇರೆ, ಕುದಿದು ಕುದಿದು ಗಟ್ಟಿಯಾದ ಹಾಲು ಬೇರೆ, ಲೋಟದಲ್ಲಿ ಎರಡೂ ಕೂಡುವುದು. ನಮ್ಮ ಫಿಲ್ಟರ್ ಕಾಫಿಯ ಲೆಕ್ಕವೇ! ಎರಡು ಲೋಟ ಕುಡಿದೆ. ಕಾಫಿ ಹುಡುಕಿಕೊಂಡು ಹೋದವನಿಗೆ ಆ ಪ್ರವಾಸದಲ್ಲಿ ಎಲ್ಲಕ್ಕಿಂತ ರುಚಿಯಾಗಿ ಸಿಕ್ಕಿದ್ದು ಚಹಾ. ಅಕ್ಕನಿಗೆ ಇದನ್ನು ಹೇಳಿಲ್ಲ.

ಮೆಲ್ಬರ್ನ್‌ನವರಿಂದ ನಾವು ಕಲಿಯಬೇಕಾದ್ದು ಒಂದು ಇದೆ ಅಂತ ನನಗೆ ಬಹಳ ದಿನದಿಂದ ಅನಿಸಿತ್ತು. ಅಲ್ಲಿ ಕಾಫಿಯ ಜೊತೆ ಒಂದು ಚೀಟಿ ಇಡುತ್ತಾರೆ. ಯಾವ ತೋಟ, ಯಾವ ತಳಿ, ಎಷ್ಟು ಎತ್ತರ. ಒಂದು ದಿನ ನನ್ನ ಮಾಮೂಲಿ ಅಂಗಡಿಯ ಹುಡುಗ ಚೀಟಿ ಓದಿ ಹೇಳಿದ, ಈ ವಾರ 'ಚಿಕ್ ಮಗಾ ಲೂರ್' ಇದೆ ಅಂತ. ತಳಿ ಎಸ್ 795, ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ನಮ್ಮ ರಾಜ್ಯ. ಬಳ್ಳಾರಿಯ ಹೋಟೆಲಿನಲ್ಲಿ ಪುಡಿ ಎಲ್ಲಿಯದು ಅಂತ ಕೇಳಿದರೆ "ಪುಡಿ ಅಂಗಡೀದು" ಅನ್ನುತ್ತಾರೆ. ತೋಟದವನ ಹೆಸರು ಬೇಡ, ಊರಿನ ಹೆಸರಾದರೂ ಗೊತ್ತಿರಬೇಡವೇ ಅಂತ ನನ್ನ ವಾದ.

ಅದಕ್ಕೇ ಆ ಎಸ್ 795 ಬೀಜವನ್ನು ಕಾಲು ಕಿಲೋ ಕಟ್ಟಿಸಿಕೊಂಡು ಬಂದಿದ್ದೆ. ಚಿಕ್ಕಮಗಳೂರಿನಿಂದ ಮೆಲ್ಬರ್ನ್‌ಗೆ ಹೋಗಿ, ಅಲ್ಲಿ ಹುರಿಸಿಕೊಂಡು ಬಳ್ಳಾರಿಗೆ ಬಂದ ಬೀಜ. ಹೋಟೆಲಿನ ಭಟ್ಟರಿಗೆ ಕುಡಿಸಿ ತೋರಿಸಬೇಕು ಅಂತ ಆಸೆ.

ಮೊದಲು ಪುಡಿ ಅಂಗಡಿಗೆ ಒಯ್ದೆ. ಅವರು ಒಂದು ಬೀಜ ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. "ಹುರಿದಿಲ್ಲಲ್ಲ ಇದು?" ಅಂದರು. ಹುರಿದಿದ್ದಾರೆ, ಹದವಾಗಿ ಕಮ್ಮಿ ಹುರಿದಿದ್ದಾರೆ ಅಂದೆ. ಮಷೀನಿಗೆ ಸುರಿದು, ನನ್ನ ಕಡೆ ತಿರುಗಿ ಕೇಳಿದರು:

"ಚಿಕೋರಿ ಎಷ್ಟು ಹಾಕ್ಲಿ ಸಾರ್?"

"ಹಾಕಬೇಡಿ."

"ಇಪ್ಪತ್ತಾದ್ರೂ?"

"ಬೇಡ ಬೇಡ."

ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಮ್ಮಿ ಇರಬಾರದು. ಅಂದರೆ 49ರ ತನಕ ಚಿಕೋರಿಗೆ ಅವಕಾಶ ಇದೆ. ಅಷ್ಟು ದೊಡ್ಡ ಅವಕಾಶವನ್ನು ಬಿಟ್ಟುಕೊಡುತ್ತಿರುವ ಮನುಷ್ಯನನ್ನು ಅವರು ಕನಿಕರದಿಂದ ನೋಡಿದರು.

ಮರುದಿನ ಬೆಳಿಗ್ಗೆ ಭಟ್ಟರು ಸಣ್ಣ ಫಿಲ್ಟರಿಗೆ ಪುಡಿ ಹಾಕಿದರು. ಚಿಕೋರಿ ಇಲ್ಲದ್ದಕ್ಕೆ ನೀರು ಸರ್ರನೆ ಇಳಿದು ಹೋಯಿತು. ಬಣ್ಣವೂ ಇಲ್ಲ, ಗಟ್ಟಿಯೂ ಇಲ್ಲ. ಹಾಲು ಬೆರೆಸಿ ಒಂದು ಗುಟುಕು ಕುಡಿದರು. ಮುಖ ಕಿವುಚಿದರು.

"ಹುಳಿ ಐತಲ್ರೀ ಸಾರ್. ಹಾಲು ಕೆಟ್ಟೈತೇನ್ ಮತ್ತ?" ಹಾಲಿನ ಪಾತ್ರೆ ಮೂಸಿ ನೋಡಿದರು. ಹಾಲು ಸರಿಯಿತ್ತು.

ಆ ಹುಳಿಗೇ ಅಲ್ಲಿ ಜಾಸ್ತಿ ದುಡ್ಡು ಕೊಡುತ್ತಾರೆ, ಚೀಟಿಯಲ್ಲಿ ಕಿತ್ತಳೆ ಹಣ್ಣಿನ ಹೆಸರು ಬರೆದಿರುತ್ತಾರೆ ಅಂತ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ತಮ್ಮ ಡಿಕಾಕ್ಷನ್ ಒಂದು ಸೌಟು ಅದಕ್ಕೇ ಹುಯ್ದು, ಎತ್ತಿ ಎರಡು ಸಲ ನೊರೆ ಬರಿಸಿ ನನ್ನ ಮುಂದಿಟ್ಟರು. ಕುಡಿದೆ. ಚೆನ್ನಾಗಿತ್ತು. ಮೊದಲಿನದಕ್ಕಿಂತ ಚೆನ್ನಾಗಿತ್ತು.

"ಎಷ್ಟು ಬಿತ್ತು ಸಾರ್ ಇದಕ್ಕ, ಕಾಲ್ ಕೇಜಿಗೆ?"

ನಿಜವಾದ ಬೆಲೆ ಹೇಳಲು ನಾಲಿಗೆ ಬರಲಿಲ್ಲ. ಅರ್ಧ ಹೇಳಿದೆ. ಅಷ್ಟಕ್ಕೇ ಅವರು ಸೌಟು ಕೆಳಗಿಟ್ಟು, ಗಲ್ಲಾದಲ್ಲಿದ್ದ ಯಜಮಾನರನ್ನು ಕೂಗಿ ಕರೆದರು.