ಹುಲಿಗೆ ಸಣ್ಣದು, ನಾಯಿಗೆ ದೊಡ್ಡದು

ಕನ್ನಡದಲ್ಲಿ ಅಕ್ಷರಗಳಿಗೆ ದೊಡ್ಡಸ್ತಿಕೆ ಇಲ್ಲ. ವಾಕ್ಯದ ಮೊದಲಿಗೆ ಬಂದರೂ ಅದೇ ಮ, ನಡುವೆ ಬಂದರೂ ಅದೇ ಮ. ಮಂತ್ರಿಗೂ ಅದೇ, ಮೆಣಸಿನಕಾಯಿಗೂ ಅದೇ. ಇದನ್ನೇ ನೋಡಿ ಬೆಳೆದ ಸಿಂಧನೂರು ಕಡೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ನಿಂತಾಗ ಮೊದಲ ತಕರಾರು ಇಲ್ಲೇ ಶುರುವಾಗುತ್ತದೆ. 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ ಅಂತ ಬೆವರಿದವರು ಇಂಗ್ಲಿಷ್‌ಗೆ ಬರೀ 26 ಅಂತ ಕೇಳಿ ಖುಷಿಯಾಗಿರುತ್ತಾರೆ. ದೊಡ್ಡ ಎಬಿಸಿಡಿ ಮುಗಿದ ಮೇಲೆ ಸಣ್ಣ ಎಬಿಸಿಡಿ ಅಂತ ಇನ್ನೊಂದು ಇದೆ ಅಂದಾಗ ಅವರ ಮುಖ ನೋಡಬೇಕು.

ದೊಡ್ಡವು ಅವರಿಗೆ ಮೊದಲೇ ಗೊತ್ತು. ಅಂಗಡಿ ಬೋರ್ಡು, ಬಿಸ್ಕಿಟ್ ಪಾಕೀಟು, ಬಳ್ಳಾರಿ ಜೀನ್ಸ್ ಪ್ಯಾಂಟಿನ ಹಿಂದಿನ ಪಟ್ಟಿ, ಎಲ್ಲ ಕಡೆ ಹೆಚ್ಚಾಗಿ ದೊಡ್ಡವೇ. ಸಣ್ಣವು ಸಿಗುವುದು ಪಾಠದ ಪುಸ್ತಕದಲ್ಲಿ. 'ಊರಾಗೆಲ್ಲ ದೊಡ್ಡದ್ರಾಗ ಬರದ್ರ ನಡೀತೈತಿ, ನಮಗ್ಯಾಕ್ರಿ ಸಣ್ಣದು?' ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಇತಿಹಾಸವೂ ಮಕ್ಕಳ ಕಡೆಗೇ ಇದೆ. ರೋಮನ್ನರು ಕಲ್ಲಿನಲ್ಲಿ ಕೆತ್ತುತ್ತಿದ್ದದ್ದು ದೊಡ್ಡಕ್ಷರಗಳನ್ನೇ. ಸಣ್ಣವು ಆಮೇಲೆ, ಕೈಯಲ್ಲಿ ಬೇಗ ಬೇಗ ಬರೆಯುವವರ ಅವಸರದಲ್ಲಿ ಹುಟ್ಟಿದವು.

ಬರೆಯುವುದರಲ್ಲೂ ಒಂದು ಫಜೀತಿ ಇದೆ. ಎ, ಜಿ, ಆರ್ ಇವೆಲ್ಲ ಸಣ್ಣದಾದಾಗ ವೇಷವನ್ನೇ ಬದಲಿಸುತ್ತವೆ, ಗುರುತಿಸುವುದು ಸುಲಭ. ಆದರೆ ಸಿ, ಓ, ಎಸ್, ವಿ, ಡಬ್ಲ್ಯು, ಎಕ್ಸ್, ಜಡ್‌ಗಳ ಆಕಾರ ಎರಡರಲ್ಲೂ ಒಂದೇ. ಅಳತೆ ಮಾತ್ರ ಬೇರೆ. ನಾಲ್ಕು ಗೆರೆ ಕಾಪಿಯಲ್ಲಿ ದೊಡ್ಡದು ಮೇಲಿನ ಗೆರೆ ಮುಟ್ಟಬೇಕು, ಸಣ್ಣದು ನಡುವಿನ ಎರಡು ಗೆರೆಗಳೊಳಗೆ ಕೂಡಬೇಕು. ನಮ್ಮ ಕರ್ಮ ನೋಡಿ, ಸಿಂಧನೂರು, ಸಿರುಗುಪ್ಪ, ಸಂಡೂರು ಮೂರೂ ಎಸ್‌ನಿಂದಲೇ ಶುರು. ಹುಡುಗ ದೊಡ್ಡದು ಬರೆದನೋ ಸಣ್ಣದು ಬರೆದನೋ ಅಂತ ಕಾಪಿಯನ್ನು ಕಣ್ಣಿನ ಹತ್ತಿರ ತಂದು ನೋಡಬೇಕು. ಕೇಳಿದರೆ 'ದೊಡ್ಡದೇ ಐತ್ರಿ ಸರ' ಅಂತಾನೆ.

ವಾಕ್ಯದ ಮೊದಲ ಅಕ್ಷರ ದೊಡ್ಡದು ಅನ್ನುವುದು ಸುಲಭದ ನಿಯಮ ಅಂತ ನಮಗೆ ಅನ್ನಿಸುತ್ತದೆ. ಮಕ್ಕಳು ಅದನ್ನು ಪ್ರತಿ ಸಾಲಿನ ಮೊದಲ ಅಕ್ಷರಕ್ಕೆ ಹಾಕುತ್ತಾರೆ. ವಾಕ್ಯ ಅರ್ಧಕ್ಕೆ ಮುರಿದು ಕೆಳಗಿನ ಸಾಲಿಗೆ ಬಂದರೂ ಅಲ್ಲೊಂದು ದೊಡ್ಡಕ್ಷರ ನಿಂತಿರುತ್ತದೆ. ಬೈಯುವ ಹಾಗಿಲ್ಲ. ಪುಸ್ತಕದ ಪದ್ಯಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಾಲೂ ದೊಡ್ಡಕ್ಷರದಿಂದಲೇ ಶುರು. ಅವರು ಅದನ್ನು ನೋಡಿಯೇ ಕಲಿತದ್ದು, ಅಲ್ವಾ?

ನಿಜವಾದ ಮಜಾ ಹೆಸರಿನ ಪಾಠದಲ್ಲಿದೆ. 'ಹೆಸರಿಗೆ ಮರ್ಯಾದೆ ಕೊಡಬೇಕು, ಅದಕ್ಕೇ ದೊಡ್ಡಕ್ಷರ' ಅಂತ ಕಲಿಸುವವರು ಬಹಳ. ಕೇಳಲು ಚೆನ್ನಾಗಿದೆ, ಆದರೆ ತಪ್ಪು ದಾರಿ. ನಮ್ಮ ಕಡೆ ಮರ್ಯಾದೆ ಮಾತಿನ ಕೊನೆಯಲ್ಲಿರುತ್ತದೆ: ಬರ್ರಿ, ಕುಂದರ್ರಿ, ಉಣ್ರಿ. ಮರ್ಯಾದೆಯ ಲೆಕ್ಕ ಹೇಳಿಕೊಟ್ಟರೆ ಮಕ್ಕಳು ಅದನ್ನು ಪ್ರಾಮಾಣಿಕವಾಗಿ ಪಾಲಿಸುತ್ತಾರೆ. ಟೀಚರ್‌ಗೆ ದೊಡ್ಡದು, ಡಾಕ್ಟರ್‌ಗೆ ದೊಡ್ಡದು, ಪೊಲೀಸ್‌ಗೆ ಇನ್ನೂ ದೊಡ್ಡದು. ರಾವಣನಿಗೆ ಮಾತ್ರ ಸಣ್ಣದು. ರಾವಣನಿಗೂ ದೊಡ್ಡದೇ ಹಾಕು ಅಂದರೆ ಅವರಿಗೆ ಅನ್ಯಾಯ ಅನ್ನಿಸುತ್ತದೆ.

ಹೀಗೇ ಒಂದು ದಿನ ನಾಯಿಯ ಬಗ್ಗೆ ಬರೆಯಿರಿ ಅಂದಿದ್ದೆ. ಒಬ್ಬ ಹುಡುಗಿಯ ಮನೆಯ ನಾಯಿಯ ಹೆಸರು ಟೈಗರ್. ಕಾಡಿನ ಟೈಗರ್ ಆದರೆ ಸಣ್ಣ ಟಿ, ನಿಮ್ಮನೆ ಟೈಗರ್ ಆದರೆ ದೊಡ್ಡ ಟಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಳು. 'ಹುಲಿಗೆ ಸಣ್ಣದು, ನಾಯಿಗೆ ದೊಡ್ಡದೇನ್ರಿ ಸರ?' ತರಗತಿ ಪೂರಾ ನಕ್ಕಿತು. ಆದರೆ ಅವತ್ತು ಅವರಿಗೆ ವಿಷಯ ತಿಳಿಯಿತು. ಹುಲಿಗಳು ಬಹಳ ಇವೆ. ಅವಳ ಮನೆ ಮುಂದೆ ಮಲಗುವ ಟೈಗರ್ ಅದೊಂದೇ.

ಕನ್ನಡ ವ್ಯಾಕರಣದಲ್ಲೂ ಇದು ಇದೆ. ನದಿ, ಊರು ರೂಢನಾಮ. ತುಂಗಭದ್ರಾ, ರಾಯಚೂರು ಅಂಕಿತನಾಮ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮರೆಯುತ್ತೇವೆ, ಯಾಕೆಂದರೆ ಬರೆಯುವಾಗ ಅದರಿಂದ ಏನೂ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಹಾಗಲ್ಲ, ಪ್ರತಿ ಹೆಸರಿಗೂ ಕೈ ತಡೆದು ಯೋಚಿಸಬೇಕು. ಅದರಲ್ಲೂ ನಮ್ಮವರು ತುಂಗಭದ್ರಾ ಅನ್ನುವುದೇ ಕಡಿಮೆ. 'ಹೊಳಿಗೆ ನೀರು ಬಂತು' ಅಂತಾರೆ. ಇಲ್ಲಿ ಹೊಳಿ ಅಂದರೆ ಅದೊಂದೇ. ಹಾಗಾದರೆ ಹೊಳಿಗೆ ಯಾವ ಅಕ್ಷರ? ನಾನಂತೂ ದೊಡ್ಡದು ಅಂತೀನಿ. ಗ್ರಾಮರ್ ಪುಸ್ತಕ ಒಪ್ಪಲಿಕ್ಕಿಲ್ಲ.

ಹೆಸರಿನ ಬೆಲೆ ನಮ್ಮ ಪಕ್ಕದ ಮಸ್ಕಿಗೆ ಚೆನ್ನಾಗಿ ಗೊತ್ತು. ಅಶೋಕನ ಶಾಸನಗಳು ದೇಶದ ತುಂಬಾ ಸಿಕ್ಕಿದ್ದವು, ಆದರೆ ಅವುಗಳಲ್ಲಿ ದೇವರಿಗೆ ಪ್ರಿಯನಾದವನು, ಪ್ರಿಯದರ್ಶಿ ಅಂತ ಬಿರುದುಗಳೇ ಇದ್ದವು. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರ ಮೇಲೆ 'ದೇವಾನಂಪಿಯಸ ಅಸೋಕಸ' ಅಂತ ಹೆಸರೇ ಇತ್ತು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೊಳದಲ್ಲೂ ಆ ಹೆಸರು ಸಿಕ್ಕಿತು. ಬ್ರಾಹ್ಮಿ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ. ಚಕ್ರವರ್ತಿಯ ಅ ಕೂಡ ಎಲ್ಲರ ಅ ಇದ್ದ ಹಾಗೇ ಇದೆ. ಇದನ್ನು ಹೇಳಿದಾಗ ಹಿಂದಿನ ಸಾಲಿನಿಂದ 'ಅಶೋಕ ನಮ್ಮ ಪಾರ್ಟಿ' ಅಂತ ಒಂದು ದನಿ ಬಂತು.

'ನಾನು' ಅನ್ನುವ ಐ ಎಲ್ಲಿದ್ದರೂ ದೊಡ್ಡದು. ಇದನ್ನು ಮಾತ್ರ ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾರೆ. ಇಷ್ಟೆಲ್ಲ ಕಲಿತು ದೊಡ್ಡವರಾದ ಮೇಲೆ ಬ್ಯಾಂಕಿನ ಫಾರ್ಮು ಎಲ್ಲವನ್ನೂ ದೊಡ್ಡಕ್ಷರದಲ್ಲೇ ತುಂಬು ಅನ್ನುತ್ತದೆ, ಅದು ಬೇರೆ ಮಾತು.

ಈಗ ವಾರ, ತಿಂಗಳುಗಳ ಪಾಠ ನಡೆದಿದೆ. ಸೋಮವಾರಕ್ಕೆ ದೊಡ್ಡದು, ಜನವರಿಗೆ ದೊಡ್ಡದು, ಆದರೆ ಬೇಸಿಗೆ, ಚಳಿಗಾಲಗಳಿಗೆ ಸಣ್ಣದು. ಚಳಿಗಾಲಕ್ಕೆ ಸಣ್ಣದು ಅಂದಾಗ ಮಕ್ಕಳು ತಲೆ ಆಡಿಸಿದರು. ನಮ್ಮಲ್ಲಿ ಅದು ಇರುವುದೇ ಅಷ್ಟು. ಬೇಸಿಗೆಗೆ ಮಾತ್ರ ಒಪ್ಪಲಿಲ್ಲ. 'ರಾಯಚೂರು ಬಿಸಲಿಗೆ ಸಣ್ಣದು ಹೆಂಗ್ರಿ ಸರ?' ಅಂದರು. ಎಲ್ಲರ ಕಾಪಿಯಲ್ಲೂ ಸಮ್ಮರ್‌ನ ಎಸ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು.